ಆಡಿಯೋ ಸಿಡಿ ರಿಪ್ ಮಾಡುವಾಗ ಯಾವ ಸೆಟ್ಟಿಂಗ್? 320 ಸಾಕೇ, ಫ್ಲ್ಯಾಕ್ ಬೇಕೇ?

ಹಾಡುಹುಡುಕ

ನಮಸ್ಕಾರ. ಮನೆಯಲ್ಲಿ ಸುಮಾರು 200 ಆಡಿಯೋ ಸಿಡಿ ಇವೆ: ಕಛೇರಿಗಳು, ದಾಸರ ಪದ, ಭಾವಗೀತೆ, ಹಳೆಯ ಚಿತ್ರಗೀತೆ. ಜೊತೆಗೆ ‘100 ಹಾಡುಗಳು’ ಅಂತ ಮಾರುತ್ತಿದ್ದರಲ್ಲ, ಆ ಎಂಪಿ3 ಸಿಡಿಗಳೂ ಯಕ್ಷಗಾನದ ವಿಸಿಡಿಗಳೂ ಒಂದಷ್ಟು. ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಹಾಕಬೇಕು. ಇರುವುದು ವಿಂಡೋಸ್ ಲ್ಯಾಪ್‌ಟಾಪ್, ಯುಎಸ್‌ಬಿ ಡಿವಿಡಿ ಡ್ರೈವ್.

ಸಿಡಿ ತೆರೆದರೆ ಒಂದೊಂದು ಹಾಡೂ 1 ಕೆಬಿ ಅಂತ ತೋರಿಸುತ್ತದೆ, ಕಾಪಿ ಮಾಡಿದರೆ ಪ್ಲೇ ಆಗುವುದಿಲ್ಲ. ರಿಪ್ ಮಾಡುವ, ಅಂದರೆ ಸಿಡಿಯ ಹಾಡನ್ನು ಫೈಲಾಗಿ ತೆಗೆಯುವ, ಸಾಫ್ಟ್‌ವೇರಿನಲ್ಲಿ 128, 192, 320, ವಿಬಿಆರ್, ಜಾಯಿಂಟ್ ಸ್ಟೀರಿಯೋ, 44.1, 48 ಅಂತ ಹತ್ತಾರು ಆಯ್ಕೆ. ಎಲ್ಲದರಲ್ಲೂ ದೊಡ್ಡ ಸಂಖ್ಯೆಯನ್ನೇ ಆರಿಸಿದರೆ ಆಯಿತೇ? ಕಾರಿನ ಪೆನ್‌ಡ್ರೈವಿಗೂ ಫೋನಿಗೂ ಬೇಕು. ಎಷ್ಟು ಜಾಗ ಹಿಡಿದೀತು?

ಶ್ರುತಿಪೆಟ್ಟಿಗೆ

ದೊಡ್ಡ ಸಂಖ್ಯೆ ಆರಿಸಿದರೆ ಆಗುವುದಿಲ್ಲ ಸರ್. ಕೆಲವು ಕಡೆ ಸಂಖ್ಯೆ ಉಲ್ಟಾ ಓಡುತ್ತದೆ, ಕೆಲವು ಕಡೆ ಅದಕ್ಕೂ ಗುಣಮಟ್ಟಕ್ಕೂ ಸಂಬಂಧವೇ ಇರುವುದಿಲ್ಲ.

ಮೊದಲು ಆ 1 ಕೆಬಿ ಫೈಲುಗಳು. ಅವುಗಳಲ್ಲಿ ಹಾಡೇ ಇಲ್ಲ. ಆಡಿಯೋ ಸಿಡಿಯಲ್ಲಿ ಫೈಲು, ಫೋಲ್ಡರ್ ಎಂಬ ವ್ಯವಸ್ಥೆ ಇರುವುದಿಲ್ಲ. ಯಾವ ಟ್ರ್ಯಾಕ್ ಎಲ್ಲಿ ಶುರು, ಎಷ್ಟು ಉದ್ದ ಎಂಬ ಪಟ್ಟಿಯನ್ನು ವಿಂಡೋಸ್ 44 ಬೈಟಿನ ಸಿಡಿಎ ಫೈಲುಗಳ ರೂಪದಲ್ಲಿ ತೋರಿಸುತ್ತದೆ, ಅಷ್ಟೇ. ಅದನ್ನು ಕಾಪಿ ಮಾಡಿದರೆ ವಿಳಾಸ ಮಾತ್ರ ಬರುತ್ತದೆ.

ಡಿಸ್ಕಿನಲ್ಲಿ ಇರುವುದು 44.1 ಕಿಲೋಹರ್ಟ್ಸ್ (ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಳತೆ), 16 ಬಿಟ್ (ಒಂದೊಂದು ಅಳತೆಗೂ), ಎರಡು ಚಾನೆಲ್. ಗುಣಿಸಿದರೆ 1411 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್, ಇದೇ ಬಿಟ್‌ರೇಟ್; ನಿಮ್ಮ 128, 320 ಕೂಡ ಇದೇ ಅಳತೆ), ನಿಮಿಷಕ್ಕೆ ಸುಮಾರು 10.6 ಎಂಬಿ. ಇದಕ್ಕಿಂತ ಹೆಚ್ಚಿನದು ಅಲ್ಲಿ ಏನೂ ಇಲ್ಲ. 24 ಬಿಟ್ ಆರಿಸಿದರೆ ಖಾಲಿ ಸೊನ್ನೆಗಳು ಸೇರುತ್ತವೆ. 48 ಕಿಲೋಹರ್ಟ್ಸ್ ಆರಿಸಿದರೆ ಸ್ಯಾಂಪಲ್‌ಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿ ಬರೆಯಬೇಕು, ಲಾಭವಿಲ್ಲದ ಕೆಲಸ. 44.1 ಮತ್ತು 16 ಹಾಗೆಯೇ ಬಿಡಿ.

ಕಾಪಿಟ್ಟುಕೊಳ್ಳುವ ಪ್ರತಿಗೆ ಫ್ಲ್ಯಾಕ್. ಒಂದು ಬಿಟ್ಟನ್ನೂ ಕಳೆಯದೆ ಕುಗ್ಗಿಸುತ್ತದೆ, ಬಿಚ್ಚಿದರೆ ಡಿಸ್ಕಿನಲ್ಲಿದ್ದದ್ದೇ ಬರುತ್ತದೆ. ಇದರಲ್ಲಿ 0ಯಿಂದ 8ರವರೆಗೆ ಒಂದು ಲೆವೆಲ್ ಕೇಳುತ್ತದೆ. ಅದು ಎಷ್ಟು ಶ್ರಮಪಟ್ಟು ಕುಗ್ಗಿಸಬೇಕು ಎಂಬುದಷ್ಟೇ, ಗುಣಮಟ್ಟವಲ್ಲ. 0 ಆದರೂ 8 ಆದರೂ ಕೇಳುವುದು ಒಂದೇ. ಡೀಫಾಲ್ಟ್ 5ಕ್ಕೂ 8ಕ್ಕೂ ಗಾತ್ರದಲ್ಲಿ ಶೇ. 1ರ ಆಸುಪಾಸಿನ ವ್ಯತ್ಯಾಸ. ಎಂಪಿ3 ಮಾಡುವ ಲೇಮ್ ಎಂಬ ಎನ್ಕೋಡರಿನಲ್ಲಿ (ಕುಗ್ಗಿಸುವ ಸಾಫ್ಟ್‌ವೇರ್) ವಿ0 ಎಂದರೆ ಉತ್ತಮ, ವಿ9 ಎಂದರೆ ಕಳಪೆ. ಓಗ್ ವೊರ್ಬಿಸ್ ಎಂಬ ಇನ್ನೊಂದು ಫಾರ್ಮ್ಯಾಟಿನಲ್ಲಿ ಅದಕ್ಕೆ ತದ್ವಿರುದ್ಧ, 10 ಎಲ್ಲಕ್ಕಿಂತ ಮೇಲೆ. ದೊಡ್ಡ ಸಂಖ್ಯೆಯ ಲೆಕ್ಕಾಚಾರ ಕೈಕೊಡುವುದು ಇಲ್ಲೇ.

ಜಾಗದ ಲೆಕ್ಕ: 200 ಡಿಸ್ಕ್, ಒಂದೊಂದು ಒಂದು ಗಂಟೆ ಎಂದಿಟ್ಟುಕೊಳ್ಳಿ. ಕುಗ್ಗಿಸದ ವೇವ್ ಫೈಲಾದರೆ 127 ಜಿಬಿ. ಫ್ಲ್ಯಾಕ್ ಸಾಮಾನ್ಯವಾಗಿ ಅದರ ಶೇ. 50ರಿಂದ 60, ಅಂದರೆ 65ರಿಂದ 75 ಜಿಬಿ. ಎಂಪಿ3 320 ಆದರೆ ಸುಮಾರು 29 ಜಿಬಿ, ಲೇಮ್ ವಿ2 ಆದರೆ 17 ಜಿಬಿ. ಇವತ್ತಿನ 1 ಟಿಬಿ ಡಿಸ್ಕಿನಲ್ಲಿ 75 ಜಿಬಿ ಏನೂ ಅಲ್ಲ.

ವರದಾದಂಡೆ

ನಾ ಒಪ್ಪೂದಿಲ್ರಿ. 320 ಹಾಕಿ ಸುಮ್ಮನ ಕೂಡ್ರಿ. ಫ್ಲ್ಯಾಕಿಗೂ 320ಕ್ಕೂ ಫರಕು ಕೇಳಸ್ತೈತಿ ಅನ್ನವರು ಹೆಸರು ನೋಡದ ಹೇಳಿ ತೋರಸ್ಬೇಕು. ಫೂಬಾರ್2000 ಅನ್ನೂ ಪ್ಲೇಯರ್‌ದಾಗ ಎಬಿಎಕ್ಸ್ ಅಂತ ಒಂದು ಕಾಂಪೊನೆಂಟ್ ಐತಿ. ಎ ಮೂಲ, ಬಿ ಎಂಪಿ3, ಎಕ್ಸ್ ಎರಡರಾಗ ಒಂದು. ಯಾವುದಂತ ಹೇಳ್ಬೇಕು. 16 ಸಲದಾಗ 12 ಸರಿ ಬಂದ್ರ ಬರೇ ಅದೃಷ್ಟದಿಂದ ಹಂಗ ಬರೂ ಸಂಭವ ಶೇ. 4ರಕಿಂತ ಕಡಿಮಿ, ಅವಾಗ ನಂಬಬಹುದು. 16ಕ್ಕ 9 ಬಂದ್ರ ನಾಣ್ಯ ಚಿಮ್ಮಿಧಂಗ.

ಭಾಳ ಮಂದಿಗೆ ವಿ2ದಾಗನ ಫರಕು ಸಿಗೂದಿಲ್ಲ. ಮ್ಯಾಲೆ ಬ್ಲೂಟೂತ್ ಹಚ್ಚಿ ಕೇಳ್ತೀರಿ ಅಂದ್ರ ಅದು ಮತ್ತೊಮ್ಮಿ ಕುಗ್ಗಸ್ತೈತಿ, ಅದರ ಎಸ್‌ಬಿಸಿ ಅನ್ನೂ ಕುಗ್ಗಿಸೂ ಪದ್ಧತಿ ಆದ್ರ ಸಾಮಾನ್ಯವಾಗಿ 328 ಕೆಬಿಪಿಎಸ್ ತನಕ. ಅಲ್ಲೆ ಫ್ಲ್ಯಾಕ್ ಏನ್ ಮಾಡತೈತಿ?

ಶ್ರುತಿಪೆಟ್ಟಿಗೆ

@ವರದಾದಂಡೆ ಕೇಳಿಸುವ ಮಾತಿಗೆ ನನ್ನದೂ ಒಪ್ಪಿಗೆ ಇದೆ. ಫ್ಲ್ಯಾಕ್ ಇಡುವುದು ಕಿವಿಗಾಗಿ ಅಲ್ಲ ಸರ್, ಮುಂದಿನ ಪರಿವರ್ತನೆಗಾಗಿ. ಎಂಪಿ3ಯಿಂದ ಎಎಸಿ ಎಂಬ ಬೇರೆ ಫಾರ್ಮ್ಯಾಟ್ ಮಾಡಿದರೆ ಒಮ್ಮೆ ಬಿಸಾಡಿದ್ದರ ಮೇಲೆ ಇನ್ನೊಂದು ಎನ್ಕೋಡರ್ ತನ್ನ ಲೆಕ್ಕದಲ್ಲಿ ಮತ್ತೆ ಬಿಸಾಡುತ್ತದೆ. ಫ್ಲ್ಯಾಕ್ ಇದ್ದರೆ ಕಾರಿಗೆ ಎಂಪಿ3, ಫೋನಿಗೆ ಓಪಸ್, ಐಫೋನಿಗೆ ಎಎಲ್‌ಎಸಿ (ಫ್ಲ್ಯಾಕಿನಂತೆಯೇ ಏನೂ ಕಳೆಯದ ಫಾರ್ಮ್ಯಾಟ್), ಯಾವುದು ಬೇಕಾದರೂ ಮೂಲದಿಂದಲೇ ತಯಾರಾಗುತ್ತದೆ. ನೀವು ಹೇಳಿದ ಬ್ಲೂಟೂತಿನ ಮಾತೂ ಇದೇ ಕಡೆ ವಾಲುತ್ತದೆ: ಎಸ್‌ಬಿಸಿಗೆ ಕೊಡುವ ಮೊದಲು ಒಂದು ಸಲ ಕಡಿಮೆ ಕತ್ತರಿಸಿದ್ದರೆ ಒಳ್ಳೆಯದಲ್ಲವೇ?

320 ಸಿಬಿಆರ್ (ಎಲ್ಲ ಕಡೆ ಒಂದೇ ಬಿಟ್‌ರೇಟ್) ವಿರುದ್ಧ ನನ್ನ ತಕರಾರು ಬೇರೆ. ತಂಬೂರಿ ಒಂದೇ ಮೀಟುತ್ತಿರುವಾಗಲೂ ಅದು ಸೆಕೆಂಡಿಗೆ 320 ಕಿಲೋಬಿಟ್ ಖರ್ಚು ಮಾಡುತ್ತದೆ, ತನಿ ಆವರ್ತನದ ಅಬ್ಬರಕ್ಕೂ ಅಷ್ಟೇ. ಬೇಡದ ಕಡೆಯೂ ಖರ್ಚು, ಬೇಕಾದ ಕಡೆ ಹೆಚ್ಚಿಗೆ ಇಲ್ಲ. ವಿ0, ವಿ2 ವಿಬಿಆರ್, ಅಂದರೆ ಬಿಟ್‌ರೇಟ್ ಏರಿಳಿಯುತ್ತದೆ: ವಿ0 ಸರಾಸರಿ 245ರ ಹತ್ತಿರ, ಬೇಕಾದಾಗ 320ರವರೆಗೆ ಏರುತ್ತದೆ. ವಿ2 ಸರಾಸರಿ 190. ಎಂಪಿ3ಯೇ ಬೇಕೆಂದರೆ ವಿ0 ಅಥವಾ ವಿ2, 320 ಅಲ್ಲ.

ವರದಾದಂಡೆ

ವಿಬಿಆರ್ ಹಾಕಿದ್ರ ಹಳೇ ಕಾರ್ ಸ್ಟೀರಿಯೋದಾಗ ಟೈಮ್ ತಪ್ಪು ತೋರಸ್ತೈತಿ, ಫಾರ್ವರ್ಡ್ ಒತ್ತಿದ್ರ ಎಲ್ಲೆಲ್ಲೋ ಜಿಗಿತೈತಿ. ಅದಕ್ಕ 320 ಅಂದೆ. ಮೂಲ ಫ್ಲ್ಯಾಕ್ ಇರ್ಲಿ ಅಂತೀರಿ, ಇರ್ಲಿ ಬಿಡ್ರಿ. ಆದ್ರ ಕಾರಿಗೆ ಸಿಬಿಆರ್ ಅನ್ನೂದು ನಾ ಬಿಡೂದಿಲ್ಲ.

ಇನ್ನೊಂದು, ಕಿವಿ ಪರೀಕ್ಷಾ ಮಾಡೂದಿದ್ರ ಸರಿಯಾದ ತುಣುಕು ಹಿಡೀರಿ. ಪಿಟೀಲು, ಕೊಳಲು ಎಂಪಿ3ಗೆ ಸಸಾರ. ಖಂಜಿರ, ಮೋರ್ಚಿಂಗ್, ಯಕ್ಷಗಾನದ ಚಂಡಿ, ಭಾಗವತರ ತಾಳ ಹಿಡಿದು ನೋಡ್ರಿ. ಎಂಪಿ3 ಸದ್ದನ್ನ 576 ಸ್ಯಾಂಪಲ್‌ದ ಕಟ್ಟು ಮಾಡಿ ನೋಡತೈತಿ, ಅಂದ್ರ 13 ಮಿಲಿಸೆಕೆಂಡ್. ಪೆಟ್ಟು ಕಟ್ಟಿನ ಕಡೀಕ ಬಿದ್ರ, ಕುಗ್ಗಿಸಿದ್ದರ ಗದ್ದಲ ಇಡೀ ಕಟ್ಟಿನ ತುಂಬ ಹರಡಿ ಪೆಟ್ಟಿಗಿಂತ ಮೊದಲ ‘ಸ್ಸ್’ ಅಂತ ಕೇಳಸ್ತೈತಿ. ಪ್ರೀ ಎಕೋ ಅಂತಾರ. ಅದಕ್ಕಂತನ 192 ಸ್ಯಾಂಪಲ್‌ದ ಸಣ್ಣ ಕಟ್ಟು ಇಟ್ಟಾರ, ಆದ್ರೂ 128ದಾಗ ಪೂರ್ತಿ ಮುಚ್ಚೂದಿಲ್ಲ.

ಕಡಲತಡಿ

ನೀವಿಬ್ಬರೂ ಬಿಟ್‌ರೇಟ್ ಬಗ್ಗೆ ಜಗಳ ಮಾಡುವಷ್ಟರಲ್ಲಿ ಡಿಸ್ಕ್ ಸರಿಯಾಗಿ ಓದಿದೆಯಾ ಅಂತ ಯಾರೂ ಕೇಳಲಿಲ್ಲ ಮಾರಾಯ್ರೆ! ತಪ್ಪಾಗಿ ಓದಿದ್ದನ್ನು ಫ್ಲ್ಯಾಕ್ ಮಾಡಿದರೆ ತಪ್ಪು ಒಂದು ಬಿಟ್ಟೂ ಕಳೆಯದೆ ಉಳಿಯುತ್ತದೆ, ಅಷ್ಟೆ.

ಡೇಟಾ ಸಿಡಿ ಕಾಪಿ ಮಾಡಿದಾಗ ಒಂದೋ ಪೂರ್ತಿ ಸರಿ ಬರುತ್ತದೆ, ಇಲ್ಲವೋ ಎರರ್ ಬರುತ್ತದೆ. ಆಡಿಯೋ ಸಿಡಿ ಹಾಗಲ್ಲ. ಎರಡರಲ್ಲೂ ಒಂದು ಸೆಕ್ಟರ್ ಅಂದರೆ 2352 ಬೈಟ್, ಸೆಕೆಂಡಿಗೆ 75 ಸೆಕ್ಟರ್. ಡೇಟಾ ಸಿಡಿಯಲ್ಲಿ ಅದರಲ್ಲಿ 2048 ಮಾತ್ರ ಮಾಹಿತಿ, ಉಳಿದದ್ದು ವಿಳಾಸಕ್ಕೆ ಮತ್ತು ತಪ್ಪು ಹಿಡಿದು ತಿದ್ದುವುದಕ್ಕೆ. ಆಡಿಯೋದಲ್ಲಿ 2352 ಬೈಟೂ ಹಾಡಿಗೇ ಹೋಗಿದೆ. ಕೆಳಗಿನ ಮಟ್ಟದಲ್ಲಿ ಸರ್ಕ್ ಎಂಬ ತಿದ್ದುಪಡಿ ಉಂಟು, ಅದು ಸೋತಲ್ಲಿ ಡ್ರೈವ್ ಅಕ್ಕಪಕ್ಕದ ಸ್ಯಾಂಪಲ್ ನೋಡಿ ಅಂದಾಜಿಗೆ ತುಂಬಿಸಿ ಏನೂ ಆಗದವರ ಹಾಗೆ ಕೂರುತ್ತದೆ. ವಿಂಡೋಸ್ ಮೀಡಿಯಾ ಪ್ಲೇಯರ್‌ನಂಥ ಸಾಫ್ಟ್‌ವೇರಿನಲ್ಲಿ ರಿಪ್ ಮಾಡಿದರೆ ಇದು ನಿಮಗೆ ಗೊತ್ತೇ ಆಗುವುದಿಲ್ಲ. ಗೀರು ಬಿದ್ದ ಕಡೆ ‘ಟಿಕ್’ ಅಂತ ಕೇಳಿದರೆ ಗೊತ್ತಾಯಿತು, ಇಲ್ಲದಿದ್ದರೆ ಇಲ್ಲ.

ವಿಂಡೋಸಿನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಹಾಕಿ, ಧರ್ಮಕ್ಕೆ ಸಿಗುತ್ತದೆ. ದುಡ್ಡು ಕೊಡುವುದಾದರೆ ಡಿಬಿಪವರ್‌ಆ್ಯಂಪ್ ಇನ್ನೂ ಸಲೀಸು. ಮ್ಯಾಕಿಗೆ ಎಕ್ಸ್‌ಎಲ್‌ಡಿ, ಲಿನಕ್ಸಿಗೆ ವಿಪ್ಪರ್. ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ಎಫ್10 ಒತ್ತಿ ಡ್ರೈವ್ ಆಪ್ಷನ್ಸ್‌ಗೆ ಹೋಗಿ. ಸೆಕ್ಯೂರ್ ಮೋಡ್ ಆರಿಸಿ. ಅದರ ಕೆಳಗೆ ಮೂರು ಟಿಕ್. ಆ್ಯಕ್ಯುರೇಟ್ ಸ್ಟ್ರೀಮ್ ಇರಲಿ. ‘ಡ್ರೈವ್ ಕ್ಯಾಶೆಸ್ ಆಡಿಯೋ ಡೇಟಾ’ ಕೂಡ ಇರಲಿ. ಇಲ್ಲದಿದ್ದರೆ ಎರಡನೇ ಸಲ ಓದಿ ಅಂದಾಗ ಡ್ರೈವ್ ಡಿಸ್ಕ್ ಮುಟ್ಟದೆ ತನ್ನ ಮೆಮೊರಿಯಿಂದಲೇ ಹಳೆಯ ಉತ್ತರ ಕೊಡುತ್ತದೆ, ಎರಡೂ ಹೊಂದಿತು ಅಂತ ನಾವು ಖುಷಿಪಡುತ್ತೇವೆ. ಸಿ2 ಟಿಕ್ (ಓದಲಾಗದ ತಪ್ಪನ್ನು ಡ್ರೈವೇ ವರದಿ ಮಾಡುವುದು) ತೆಗೆಯಿರಿ, ಅದರ ವರದಿಯನ್ನು ಎಲ್ಲ ಡ್ರೈವುಗಳೂ ನೆಟ್ಟಗೆ ಕೊಡುವುದಿಲ್ಲ. ಈಗ ಪ್ರತಿ ಸೆಕ್ಟರನ್ನೂ ಎರಡು ಸಲ ಓದುತ್ತದೆ. ಹೊಂದದಿದ್ದರೆ 16 ಸಲ ಓದಿ ಅದರಲ್ಲಿ 8 ಒಂದೇ ಬರುತ್ತದಾ ನೋಡುತ್ತದೆ, ಹಠ ಹಿಡಿದರೆ 82 ಸಲದವರೆಗೂ ಹೋಗುತ್ತದೆ. ಹಾಳಾದ ಡಿಸ್ಕ್ ಒಂದೇ ಟ್ರ್ಯಾಕಿಗೆ ಅರ್ಧ ಗಂಟೆ ತಿನ್ನುವುದು ಇದಕ್ಕೇ. ಹೆದರಬೇಡಿ.

ನಾರ್ಮಲೈಸ್ ಅಂತ ಒಂದು ಟಿಕ್ ಉಂಟು, ಅದನ್ನು ಮುಟ್ಟಬೇಡಿ. ವಾಲ್ಯೂಮ್ ಬದಲಿಸಿ ಬರೆದರೆ ಮೂಲ ಹೋಯಿತು.

ಹಾಡುಹುಡುಕ

ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ಎಕ್ಸಾಕ್ಟ್ ಆಡಿಯೋ ಕಾಪಿ ಹಾಕಿ ನೋಡಿದೆ. ಆಕ್ಯುರೇಟ್‌ರಿಪ್ ಎಂಬುದರ ಎದುರು ‘ಡಿಸ್ಕ್ ಡೇಟಾಬೇಸಿನಲ್ಲಿ ಇಲ್ಲ’ ಅಂತ ಬರುತ್ತಿದೆ. ಕನ್ನಡದ ಯಾವ ಸಿಡಿ ಹಾಕಿದರೂ ಇದೇ. ಹಾಡಿನ ಹೆಸರುಗಳೂ ಬರುತ್ತಿಲ್ಲ. ಡ್ರೈವ್ ಕೆಟ್ಟಿದೆಯೇ?

ಕಡಲತಡಿ

ಡ್ರೈವ್ ಸರಿ ಉಂಟು. ಆಕ್ಯುರೇಟ್‌ರಿಪ್ ಅಂದರೆ ಬೇರೆಯವರು ಅದೇ ಡಿಸ್ಕ್ ರಿಪ್ ಮಾಡಿದಾಗ ಬಂದ ಚೆಕ್‌ಸಮ್‌ಗಳ (ಡೇಟಾದಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆಗಳ) ಕೋಶ. ನಿಮ್ಮದು ಅವರದ್ದಕ್ಕೆ ಹೊಂದಿದರೆ ಓದಿದ್ದು ಸರಿ ಅಂತ ಲೆಕ್ಕ. ನಮ್ಮ ಊರಿನ ಕಂಪನಿಗಳ ಸಿಡಿ ಯಾರೂ ಹಾಗೆ ರಿಪ್ ಮಾಡಿ ಕಳಿಸಿಲ್ಲದಿದ್ದರೆ ಅಲ್ಲಿ ಎಲ್ಲಿಂದ ಬರಬೇಕು?

ಆದರೆ ಅದರ ಉಪಯೋಗ ಇನ್ನೊಂದು. ಪ್ರತಿ ಮಾದರಿಯ ಡ್ರೈವಿಗೂ ಓದಲು ಶುರು ಮಾಡುವ ಜಾಗದಲ್ಲಿ ಒಂದು ಖಾಯಂ ವ್ಯತ್ಯಾಸ ಉಂಟು, ರೀಡ್ ಆಫ್‌ಸೆಟ್ ಅಂತ: +6, +102, +667 ಸ್ಯಾಂಪಲ್, ಹೀಗೆ. 667 ಅಂದರೂ ಬರೀ 15 ಮಿಲಿಸೆಕೆಂಡ್, ಕಿವಿಗೆ ಏನೂ ಇಲ್ಲ. ಆದರೆ ಇದು ಸರಿ ಇಲ್ಲದಿದ್ದರೆ ಚೆಕ್‌ಸಮ್ ಯಾರದ್ದಕ್ಕೂ ಹೊಂದುವುದಿಲ್ಲ. ಇದನ್ನು ಒಂದು ಸಲ ಹೊಂದಿಸಲಿಕ್ಕೆ ಕೋಶದಲ್ಲಿ ಇರುವ ಡಿಸ್ಕ್ ಬೇಕು. ಲಕ್ಷಗಟ್ಟಲೆ ಮಾರಾಟವಾದ ಇಂಗ್ಲಿಷ್ ಆಲ್ಬಮ್ಮಿನ ಅಸಲಿ ಸಿಡಿ ಯಾರಿಂದಾದರೂ ತಂದು ಹಾಕಿ, ಸಾಫ್ಟ್‌ವೇರ್ ತಾನೇ ಆಫ್‌ಸೆಟ್ ಕಂಡುಹಿಡಿದು ಬರೆದುಕೊಳ್ಳುತ್ತದೆ. ಆಮೇಲೆ ಡ್ರೈವ್ ಬದಲಿಸುವವರೆಗೆ ಮುಟ್ಟುವ ಅಗತ್ಯ ಇಲ್ಲ.

ಕನ್ನಡದ ಡಿಸ್ಕುಗಳಿಗೆ ‘ಟೆಸ್ಟ್ ಆ್ಯಂಡ್ ಕಾಪಿ’ ಬಳಸಿ. ಪ್ರತಿ ಟ್ರ್ಯಾಕನ್ನೂ ಎರಡು ಸಲ ಪೂರ್ತಿ ಓದಿ ಎರಡರ ಸಿಆರ್‌ಸಿಯನ್ನೂ (ಅದೂ ಒಂದು ಬಗೆಯ ಚೆಕ್‌ಸಮ್) ಲಾಗಿನಲ್ಲಿ, ಅಂದರೆ ರಿಪ್ಪಿನ ವರದಿಯಲ್ಲಿ, ಬರೆಯುತ್ತದೆ. ಎರಡೂ ಒಂದೇ ಇದ್ದು, ‘ಸಸ್ಪಿಷಿಯಸ್ ಪೊಸಿಷನ್’ ಅಂತ ಎಲ್ಲೂ ಇಲ್ಲದಿದ್ದರೆ ಮುಂದೆ ಹೋಗಿ. ಟ್ರ್ಯಾಕ್ ಕ್ವಾಲಿಟಿ ಶೇ. 99.7 ಅಂತ ಬಂದರೆ ಅದು ತಪ್ಪಲ್ಲ, ಕೆಲವು ಕಡೆ ಮತ್ತೆ ಮತ್ತೆ ಓದಬೇಕಾಯಿತು ಅಂತಷ್ಟೇ ಅರ್ಥ. ಸಿಆರ್‌ಸಿ ಹೊಂದಿದರೆ ಸಾಕು. ತೀರಾ ಅಪರೂಪದ ಡಿಸ್ಕ್ ಆದರೆ ಬೇರೆ ಕಂಪನಿಯ ಇನ್ನೊಂದು ಡ್ರೈವಿನಲ್ಲೂ ಒಮ್ಮೆ ಓದಿಸಿ, ಅದರ ಆಫ್‌ಸೆಟನ್ನೂ ಹೊಂದಿಸಿಕೊಂಡು. ಒಂದೇ ಡ್ರೈವ್ ಒಂದೇ ತಪ್ಪನ್ನು ಎರಡು ಸಲ ಮಾಡುವುದುಂಟು, ಎರಡು ಡ್ರೈವುಗಳು ಒಂದೇ ತಪ್ಪು ಮಾಡುವುದು ಕಷ್ಟ.

ಲಾಗ್ ಫೈಲನ್ನು ಹಾಡಿನ ಫೋಲ್ಡರಿನಲ್ಲೇ ಇಡಿ. ನಿಮ್ಮ ರಿಪ್ಪನ್ನು ಕೋಶಕ್ಕೂ ಕಳಿಸಿ, ಮುಂದಿನವರಿಗೆ ಹೊಂದಿಸಿ ನೋಡಲಿಕ್ಕೆ ಆಗುತ್ತದೆ.

ಗಣಪನಕಟ್ಟೆ

ಹೆಸರು ಬಾರದಿರುವುದಕ್ಕೆ: ಹಾಡಿನ ಹೆಸರು ಕೊಡುತ್ತಿದ್ದ ಹಳೆಯ ಫ್ರೀಡಿಬಿ ಕೋಶ 2020ರಲ್ಲಿ ಮುಚ್ಚಿತು. ಈಗ ಮ್ಯೂಸಿಕ್‌ಬ್ರೈನ್ಜ್ ಅಥವಾ ಗ್ನುಡಿಬಿ. ಕನ್ನಡ ಡಿಸ್ಕ್ ಸಿಕ್ಕರೂ ಸ್ಪೆಲ್ಲಿಂಗ್ ನಾನಾ ಬಗೆ, ಕೈಯಾರೆ ಟೈಪ್ ಮಾಡುವುದೇ ವಾಸಿ. ಟ್ಯಾಗ್ (ಫೈಲಿನೊಳಗೆ ಬರೆಯುವ ಹಾಡಿನ ವಿವರ) ಬರೆಯುವ ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ಫ್ಲ್ಯಾಕಿಗೂ ಆಗುತ್ತದೆ.

ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಮೂರು ಎಚ್ಚರ. ಫ್ಲ್ಯಾಕಿನಲ್ಲಿ ನಮಗೆ ಬೇಕಾದ ಫೀಲ್ಡ್ ಸೇರಿಸಿಕೊಳ್ಳಬಹುದು, ರಾಗ, ತಾಳ, ವಾಗ್ಗೇಯಕಾರ, ಪಕ್ಕವಾದ್ಯ ಎಲ್ಲಕ್ಕೂ. ಕಛೇರಿ ಸಂಗ್ರಹ ಇರುವವರಿಗೆ ಇದು ವರ. ಆದರೆ ಫೀಲ್ಡಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಅದರೊಳಗಿನ ‘ಖರಹರಪ್ರಿಯ’ ಕನ್ನಡದಲ್ಲಿರಬಹುದು.

ಎರಡನೆಯದು ಫೈಲಿನ ಹೆಸರು. ಲಿನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಎನ್‌ಎಎಸ್ ಪೆಟ್ಟಿಗೆಗಳಲ್ಲೂ (ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್) ಒಳಗೆ ಸಾಮಾನ್ಯವಾಗಿ ಅದೇ. ಅಕ್ಷರಗಳನ್ನು ಬೈಟಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ 85 ಸಂಕೇತಕ್ಕೆ ಮುಗಿಯಿತು. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಒಂದಕ್ಕೇ 18 ಬೈಟ್ ಆಗುತ್ತದೆ. ಕೃತಿ, ರಾಗ, ತಾಳ, ಗಾಯಕರ ಹೆಸರು ಎಲ್ಲ ಫೈಲಿನ ಹೆಸರಿಗೇ ತುರುಕಿದರೆ ವಿಂಡೋಸಿನಲ್ಲಿ ಉಳಿಯುತ್ತದೆ, ಅತ್ತ ಕಾಪಿ ಮಾಡುವಾಗ ಎರರ್ ಬರುತ್ತದೆ. ಹೆಸರು ಚಿಕ್ಕದಿರಲಿ, ವಿವರ ಟ್ಯಾಗಿನಲ್ಲಿರಲಿ.

ಮೂರನೆಯದು ಕಣ್ಣಿಗೆ ಕಾಣದ್ದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒತ್ತಾಗದಂತೆ ನಡುವೆ ಒಂದು ಅದೃಶ್ಯ ಅಕ್ಷರ ಸೇರುತ್ತದೆ. ಒಮ್ಮೆ ಸೇರಿಸಿ, ಒಮ್ಮೆ ಸೇರಿಸದೆ, ಒಮ್ಮೆ ಜಾಗ ಬಿಟ್ಟು ಬರೆದರೆ ಪ್ಲೇಯರಿನಲ್ಲಿ ಮೂವರು ಗಾಯಕರು! ಒಂದು ರೂಪ ಆರಿಸಿ ಎಲ್ಲ ಕಡೆ ಅದನ್ನೇ ಕಾಪಿ ಪೇಸ್ಟ್ ಮಾಡಿ.

ತನಿಆವರ್ತನ

ಕಛೇರಿ ಸಿಡಿಗಳಿಗೆ ಸಂಬಂಧಿಸಿದ ದೊಡ್ಡ ತೊಂದರೆಯನ್ನೇ ಯಾರೂ ಎತ್ತಿಲ್ಲ. ರಾಗ, ತಾನ, ಪಲ್ಲವಿ ಮೂರನ್ನೂ ಬೇರೆ ಬೇರೆ ಟ್ರ್ಯಾಕ್ ಮಾಡಿರುತ್ತಾರೆ, ಆದರೆ ಸಂಗೀತ ನಿಂತಿರುವುದಿಲ್ಲ. ತಂಬೂರಿ ಹರಿಯುತ್ತಲೇ ಇರುತ್ತದೆ. ಎಂಪಿ3 ಮಾಡಿ ನುಡಿಸಿದರೆ ಟ್ರ್ಯಾಕ್ ಬದಲಾಗುವಲ್ಲಿ ಒಂದು ಕ್ಷಣ ಕಡಿದಂತಾಗುತ್ತದೆ.

ಕಾರಣ ಎಂಪಿ3ಯ ರಚನೆಯಲ್ಲೇ ಇದೆ. ಅದು 1152 ಸ್ಯಾಂಪಲ್ಲಿನ ಫ್ರೇಮುಗಳಾಗಿ ಬರೆಯುತ್ತದೆ. ಹಾಡು ಅಷ್ಟರ ಗುಣಕದಲ್ಲೇ ಮುಗಿಯುವುದಿಲ್ಲವಲ್ಲ, ಕೊನೆಯಲ್ಲಿ ಮೌನ ತುಂಬುತ್ತದೆ. ಆರಂಭದಲ್ಲೂ ಎನ್ಕೋಡರಿನ ವಿಳಂಬದಷ್ಟು ಮೌನ ಸೇರುತ್ತದೆ. ಲೇಮ್ ಈ ಎರಡೂ ಸಂಖ್ಯೆಗಳನ್ನು ಫೈಲಿನ ತಲೆಯಲ್ಲಿ ಬರೆದಿಡುತ್ತದೆ. ಫೂಬಾರ್2000 ಅದನ್ನು ಓದಿ ಕತ್ತರಿಸಿಕೊಳ್ಳುತ್ತದೆ. ಕಾರಿನ ಸ್ಟೀರಿಯೋಗಳು ಬಹುತೇಕ ಓದುವುದಿಲ್ಲ. ಫ್ಲ್ಯಾಕಿನಲ್ಲಿ ಈ ಸಮಸ್ಯೆ ಹುಟ್ಟುವುದೇ ಇಲ್ಲ, ಸ್ಯಾಂಪಲ್ ಎಷ್ಟಿದೆಯೋ ಅಷ್ಟೇ ಇರುತ್ತದೆ. ಪ್ಲೇಯರ್ ತಾನಾಗಿ ನಿಲ್ಲಿಸದಿದ್ದರೆ ಸರಿ.

ಕಾರಿಗೆ ಉಪಾಯ ಒಂದೇ: ಹಾಗೆ ಹೊಂದಿಕೊಂಡ ಟ್ರ್ಯಾಕುಗಳನ್ನು ಫ್ಲ್ಯಾಕ್ ಇರುವಾಗಲೇ ಜೋಡಿಸಿ, ಆಮೇಲೆ ಒಂದೇ ಎಂಪಿ3 ಮಾಡಿ. ಎಂಪಿ3ಗಳನ್ನು ಜೋಡಿಸಿದರೆ ಮೌನ ಒಳಗೇ ಉಳಿಯುತ್ತದೆ. ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ಗ್ಯಾಪ್ ಸೆಟ್ಟಿಂಗ್ ‘ಅಪೆಂಡ್ ಟು ಪ್ರೀವಿಯಸ್ ಟ್ರ್ಯಾಕ್’ ಎಂದೇ ಇರಲಿ, ‘ಲೀವ್ ಔಟ್ ಗ್ಯಾಪ್ಸ್’ ಬೇಡ. ಟ್ರ್ಯಾಕುಗಳ ನಡುವಿನ ಚಪ್ಪಾಳೆ, ಶ್ರುತಿ ಸರಿಮಾಡಿಕೊಳ್ಳುವ ಸದ್ದು ಆ ಗ್ಯಾಪಿನಲ್ಲೇ ಇರುವುದುಂಟು.

ಶ್ರುತಿಪೆಟ್ಟಿಗೆ

ಹಳೆಯ ಚಿತ್ರಗೀತೆಗಳಿಗೆ ಇನ್ನೊಂದು ಮಾತು. ಅವು ಮೊನೊ. ಸಿಡಿಯಲ್ಲಿ ಎರಡು ಚಾನೆಲ್ ಇರಲೇಬೇಕಾದ್ದರಿಂದ ಅದೇ ಸದ್ದನ್ನು ಎರಡು ಕಡೆ ಹಾಕಿರುತ್ತಾರೆ. ‘ಜಾಯಿಂಟ್ ಸ್ಟೀರಿಯೋ’ ಎಂದರೆ ಗುಣಮಟ್ಟ ಕಡಿಮೆ ಎಂಬ ನಂಬಿಕೆ ಹಲವರಲ್ಲಿದೆ, ತಪ್ಪು. ಅದು ಎಡ, ಬಲ ಎಂದು ಬರೆಯುವ ಬದಲು ಎರಡರ ಮೊತ್ತ ಮತ್ತು ಎರಡರ ವ್ಯತ್ಯಾಸ ಎಂದು ಬರೆಯಬಲ್ಲದು, ಯಾವುದು ಅಗ್ಗವೋ ಅದನ್ನು ಫ್ರೇಮಿನಿಂದ ಫ್ರೇಮಿಗೆ ಆರಿಸುತ್ತದೆ. ಮೊನೊ ಹಾಡಿನಲ್ಲಿ ವ್ಯತ್ಯಾಸ ಸೊನ್ನೆ, ಹಾಗಾಗಿ ಬಿಟ್ಟುಗಳೆಲ್ಲ ಹಾಡಿಗೇ ಸಿಗುತ್ತವೆ. ‘ಸ್ಟೀರಿಯೋ’ ಎಂದು ಬಲವಂತ ಮಾಡಿದರೆ ಒಂದೇ ಸದ್ದನ್ನು ಎರಡು ಸಲ ಬರೆಯುವ ದಂಡ. ಫ್ಲ್ಯಾಕ್ ಕೂಡ ಇದೇ ಉಪಾಯ ಮಾಡುತ್ತದೆ, ಅದಕ್ಕೇ ಮೊನೊ ಡಿಸ್ಕುಗಳು ಅರ್ಧ ಗಾತ್ರಕ್ಕೆ ಇಳಿಯುತ್ತವೆ.

ಹಾಗೆಂದು ಮೂಲ ಪ್ರತಿಯನ್ನು ನೀವೇ ಮೊನೊ ಮಾಡಬೇಡಿ. ಆಡಾಸಿಟಿ ಎಂಬ ಆಡಿಯೋ ಸಾಫ್ಟ್‌ವೇರಿನಲ್ಲಿ ಚಾನೆಲ್ ಬೇರ್ಪಡಿಸಿ, ಎರಡನ್ನೂ ಮೊನೊ ಮಾಡಿ, ಒಂದನ್ನು ಇನ್ವರ್ಟ್ ಮಾಡಿ ಕೂಡಿಸಿ ನೋಡಿ. ಪೂರ್ತಿ ಮೌನವಾದರೆ ನಿಜವಾದ ಮೊನೊ. ಹಿಸ್ (‘ಸ್ಸ್’ ಎಂಬ ಸದ್ದು) ಉಳಿದರೆ ಟೇಪಿನಿಂದ ಸ್ಟೀರಿಯೋ ಹೆಡ್ಡಿನಲ್ಲಿ ತೆಗೆದದ್ದು, ಎರಡು ಚಾನೆಲ್ಲಿಗೂ ಸಮಯದಲ್ಲಿ ಕೂದಲೆಳೆಯ ವ್ಯತ್ಯಾಸ ಇರಬಹುದು. ಕೂಡಿಸಿದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ಎಕೋ, ಡ್ರಮ್ ಉಳಿದರೆ ಅದು ಮರುಬಿಡುಗಡೆಯಲ್ಲಿ ಯಾರೋ ಸೇರಿಸಿದ ‘ಝಂಕಾರ್’. ಅದಕ್ಕೆ ಯಾವ ಸೆಟ್ಟಿಂಗಿನಲ್ಲೂ ಮದ್ದಿಲ್ಲ, ಬೇರೆ ಡಿಸ್ಕ್ ಹುಡುಕಬೇಕು.

ಹಾಡುಹುಡುಕ

ಎಂಪಿ3 ಸಿಡಿಗಳನ್ನು 320ಕ್ಕೆ ಏರಿಸಬಹುದೇ? ಅಥವಾ ಅವನ್ನೂ ಫ್ಲ್ಯಾಕ್ ಮಾಡಿಬಿಡಲೇ? ವಿಸಿಡಿಗೆ ಏನು ಮಾಡುವುದು?

ಗಣಪನಕಟ್ಟೆ

ಎರಡೂ ಬೇಡ. 128ರಲ್ಲಿ ಇರುವುದನ್ನು 320 ಮಾಡುವುದು ನೀರು ಬೆರೆಸಿದ ಹಾಲನ್ನು ದೊಡ್ಡ ಕ್ಯಾನಿಗೆ ಸುರಿದಂತೆ. ಅವು ಡೇಟಾ ಸಿಡಿಗಳು, ರಿಪ್ಪಿಂಗ್ ಇಲ್ಲವೇ ಇಲ್ಲ. ಫೈಲುಗಳನ್ನು ಹಾಗೇ ಕಾಪಿ ಮಾಡಿ. ವಾಲ್ಯೂಮ್ ಹೆಚ್ಚುಕಮ್ಮಿ ಇದ್ದರೆ ಎಂಪಿ3ಗೇನ್ ಬಳಸಿ. ಅದು ಹಾಡನ್ನು ಬಿಚ್ಚಿ ಕುಗ್ಗಿಸುವುದಿಲ್ಲ, ಫ್ರೇಮಿನೊಳಗಿನ ಗೇನ್ ಸಂಖ್ಯೆಯನ್ನಷ್ಟೇ 1.5 ಡೆಸಿಬೆಲ್ ಮೆಟ್ಟಿಲುಗಳಲ್ಲಿ ಬದಲಿಸುತ್ತದೆ. ಆದಿ ಅಂತ್ಯದ ಜಾಹೀರಾತು ಕತ್ತರಿಸಲು ಎಂಪಿ3ಡೈರೆಕ್ಟ್‌ಕಟ್, ಅದೂ ಮರು ಎನ್ಕೋಡ್ ಮಾಡುವುದಿಲ್ಲ.

ಒಂದು ಮೋಸ ಗಮನಿಸಿ. ಎಂಪಿ3ಯಿಂದಲೇ ‘ಆಡಿಯೋ ಸಿಡಿ’ ಬರೆದು ಕವರ್ ಹಾಕಿ ಮಾರಿದ್ದೂ ಇದೆ. ತಳಭಾಗ ಬೆಳ್ಳಿಯ ಬದಲು ಹಸಿರು ಅಥವಾ ನೀಲಿ ಛಾಯೆ ಇದ್ದರೆ ಸಿಡಿ-ಆರ್, ಅನುಮಾನಪಡಿ. ಸ್ಪೆಕ್ ಎಂಬ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದರೆ ಆವರ್ತನದ ಚಿತ್ರ ಬರುತ್ತದೆ. 16 ಕಿಲೋಹರ್ಟ್ಸ್ ಬಳಿ ಚಾಕುವಿನಲ್ಲಿ ಕೊಯ್ದಂತೆ ಅಡ್ಡಗೆರೆ ಇದ್ದರೆ ಅದು 128ರ ಎಂಪಿ3ಯ ಗುರುತು. ಆದರೆ ಹಳೆಯ ಧ್ವನಿಮುದ್ರಣಗಳಲ್ಲಿ 8-10 ಕಿಲೋಹರ್ಟ್ಸ್ ಮೇಲೆ ಏನೂ ಇರದಿರುವುದು ಸಹಜ, ಅಲ್ಲಿ ನಿಧಾನವಾಗಿ ಮಸುಕಾಗುತ್ತದೆ. ಅದನ್ನು ನೋಡಿ ನಕಲಿ ಎನ್ನಬಾರದು.

ಕಡಲತಡಿ

ವಿಸಿಡಿ ನನಗೆ ಬಿಡಿ. ಡಿಸ್ಕಿನಲ್ಲಿ ಎಂಪೆಗ್‌ಎವಿ ಅಂತ ಫೋಲ್ಡರ್, ಒಳಗೆ ಡ್ಯಾಟ್ ಫೈಲುಗಳು. ಅದರ ಆಡಿಯೋ ಎಂಪಿ2 (ಎಂಪಿ3ಯ ಸೋದರ ಫಾರ್ಮ್ಯಾಟ್), 224 ಕೆಬಿಪಿಎಸ್, 44.1 ಕಿಲೋಹರ್ಟ್ಸ್. ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರಿನಲ್ಲಿ ವಿಡಿಯೋ ಬಿಟ್ಟು ಆಡಿಯೋ ಕೋಡೆಕ್ ‘ಕಾಪಿ’ ಅಂತ ಕೊಟ್ಟರೆ ಒಳಗಿದ್ದ ಎಂಪಿ2 ಹಾಗೇ ಹೊರಗೆ ಬರುತ್ತದೆ, ಒಂದು ನಿಮಿಷವೂ ಬೇಡ. ಅದೇ ನಿಮ್ಮ ಮೂಲ ಪ್ರತಿ. ಕಾರಿನಲ್ಲಿ ಎಂಪಿ2 ಓಡದಿದ್ದರೆ ಅದರಿಂದ 256ರ ಎಂಪಿ3 ಮಾಡಿ. 128 ಮಾಡಬೇಡಿ, ಒಮ್ಮೆ ಕುಗ್ಗಿದ ಚಂಡೆ ಮತ್ತೊಮ್ಮೆ ಕುಗ್ಗಿದರೆ ತಗಡು ಡಬ್ಬ ಬಡಿದ ಹಾಗೆ ಕೇಳುತ್ತದೆ.

ಕಾಪಿ ಮಾಡುವಾಗ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎರರ್ ಬಂದರೆ ಆಶ್ಚರ್ಯ ಬೇಡ. ವಿಸಿಡಿಯ ವಿಡಿಯೋ ಸೆಕ್ಟರಿನಲ್ಲಿ 2324 ಬೈಟ್ ಮಾಹಿತಿ ತುಂಬಿದ್ದಾರೆ, ಡೇಟಾ ಸಿಡಿಯ ಹೆಚ್ಚುವರಿ ತಿದ್ದುಪಡಿ ಅಲ್ಲಿ ಇಲ್ಲ. ಐಸೊಬಸ್ಟರಿನಂಥ ಸಾಫ್ಟ್‌ವೇರಿನಲ್ಲಿ ಓದಲಾಗದ ಸೆಕ್ಟರ್ ದಾಟಿಕೊಂಡು ಉಳಿದದ್ದನ್ನು ತೆಗೆಯಬಹುದು.

ವರದಾದಂಡೆ

ಕಾರಿನ ಪೆನ್‌ಡ್ರೈವ್: ಫ್ಯಾಟ್32 ಫಾರ್ಮ್ಯಾಟ್ ಮಾಡ್ರಿ, ಎಕ್ಸ್‌ಫ್ಯಾಟ್ ಹಳೇವು ಓದೂದಿಲ್ಲ. ಹೆಸರಿನ ಮುಂದ 01, 02 ಹಾಕ್ರಿ. ಹಂಗ ಹಾಕಿದ್ರೂ ಕೆಲವು ಸ್ಟೀರಿಯೋ ಕಾಪಿ ಮಾಡಿದ ಕ್ರಮದಾಗನ ನುಡಸ್ತಾವು, ಅದಕ್ಕ ಕ್ರಮ ಸರಿ ಮಾಡೂ ಫ್ಯಾಟ್‌ಸಾರ್ಟ್ ಸಾಫ್ಟ್‌ವೇರ್ ಹೊಡೀರಿ. ಎಂಪಿ3 ಟ್ಯಾಗ್ ಐಡಿ3 ಆವೃತ್ತಿ 2.3, ಯುಟಿಎಫ್-16 ಇರ್ಲಿ. 2.4ರ ಯುಟಿಎಫ್-8 ಹಾಕಿದ್ರ ಕೆಲವುದರಾಗ ಕನ್ನಡದ ಬದಲಿ ಟೊಪ್ಪಿಗಿ ಹಾಕ್ಕೊಂಡ ಇಂಗ್ಲಿಷ್ ಅಕ್ಷರ ಬರ್ತಾವು. ಬರೇ ಚೌಕ ಬಂದ್ರ ಅದು ಟ್ಯಾಗಿನ ತಪ್ಪಲ್ಲ, ಸ್ಟೀರಿಯೋದಾಗ ಕನ್ನಡ ಫಾಂಟ್ ಇಲ್ಲ. ಅವಾಗ ಕಾರಿನ ಪ್ರತಿಗೆ ಮಾತ್ರ ಇಂಗ್ಲಿಷ್ ಹೆಸರು.

ಫೋನಿಗೆ ಓಪಸ್ 128 ಸಾಕು, ಗಂಟೆಗೆ 58 ಎಂಬಿ. ಅದು ಒಳಗ 48 ಕಿಲೋಹರ್ಟ್ಸ್‌ದಾಗನ ಕೆಲಸ ಮಾಡತೈತಿ, ಗಾಬರಿ ಆಗಬ್ಯಾಡ್ರಿ. ಐಫೋನ್ ಮ್ಯೂಸಿಕ್ ಆ್ಯಪಿಗೆ ಫ್ಲ್ಯಾಕ್ ನಡಿಯೂದಿಲ್ಲ, ಎಎಲ್‌ಎಸಿ ಇಲ್ಲಾ ಎಎಸಿ 256.

ತನಿಆವರ್ತನ

ವಾಲ್ಯೂಮ್ ಸಮ ಮಾಡಲು ಫ್ಲ್ಯಾಕಿಗೆ ರೀಪ್ಲೇಗೇನ್ ಟ್ಯಾಗ್ ಹಾಕಿ, ಅದು ಎಷ್ಟು ಜೋರಾಗಿ ನುಡಿಸಬೇಕೆಂದು ಪ್ಲೇಯರಿಗೆ ಹೇಳುತ್ತದೆ, ಸದ್ದನ್ನು ಮುಟ್ಟುವುದಿಲ್ಲ. ಕಛೇರಿಗೆ ‘ಆಲ್ಬಮ್ ಗೇನ್’ ಆರಿಸಿ. ‘ಟ್ರ್ಯಾಕ್ ಗೇನ್’ ಆದರೆ ಮೆಲುದನಿಯ ಆಲಾಪನೆಯನ್ನೂ ತನಿಯನ್ನೂ ಒಂದೇ ಜೋರಿಗೆ ತಂದು ಕೂರಿಸುತ್ತದೆ. ಕಾರಿನ ಸ್ಟೀರಿಯೋ ಈ ಟ್ಯಾಗನ್ನು ಸಾಮಾನ್ಯವಾಗಿ ನೋಡುವುದಿಲ್ಲ, ಅಲ್ಲಿಗೆ ಎಂಪಿ3ಗೇನೇ.

ಹಾಡುಹುಡುಕ

ಬಹುತೇಕ ಡಿಸ್ಕ್ ಸರಿಯಾಗಿ ಬರುತ್ತಿವೆ. ಕೆಲವು ಮಾತ್ರ ಕೊನೆಯ ಎರಡು ಮೂರು ಟ್ರ್ಯಾಕಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಎರಡು ಸಲದ ಸಿಆರ್‌ಸಿ ಬೇರೆ ಬೇರೆ. ಕಣ್ಣಿಗೆ ದೊಡ್ಡ ಗೀರೇನೂ ಕಾಣುತ್ತಿಲ್ಲ.

ಕಡಲತಡಿ

ಸಿಡಿ ಓದುವುದು ಒಳಗಿನಿಂದ ಹೊರಗೆ, ಹಾಗಾಗಿ ತುಂಬಿದ ಡಿಸ್ಕಿನಲ್ಲಿ ಕೊನೆಯ ಟ್ರ್ಯಾಕುಗಳು ಅಂಚಿನಲ್ಲಿರುತ್ತವೆ. ಬೆರಳು ತಾಗುವುದು ಅಲ್ಲಿ, ಬಾಗಿದ್ದರೆ ಹೆಚ್ಚು ಅಲ್ಲಾಡುವುದು ಅಲ್ಲಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಶುರುವಾಗುವುದೂ ಹೆಚ್ಚಾಗಿ ಅಲ್ಲಿಂದಲೇ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿಸಿ ಒರೆಸಬೇಡಿ. ಸುತ್ತ ಬಿದ್ದ ಗೀರು ಟ್ರ್ಯಾಕಿನ ಉದ್ದಕ್ಕೂ ಬೀಳುತ್ತದೆ, ಅದನ್ನು ತಿದ್ದುವುದು ಡ್ರೈವಿಗೆ ಅಡ್ಡಗೀರಿಗಿಂತ ಕಷ್ಟ. ಪೂರ್ತಿ ಒಣಗಿದ ಮೇಲೆ ಹಾಕಿ.

ಆಮೇಲೂ ಬರದಿದ್ದರೆ ವೇಗ 4 ಎಕ್ಸ್‌ಗೆ ಇಳಿಸಿ. ಯುಎಸ್‌ಬಿ ಹಬ್ ತೆಗೆದು ಡ್ರೈವನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಿ. ತೆಳ್ಳಗಿನ ಡ್ರೈವುಗಳಿಗೆ ಕರೆಂಟ್ ಸಾಲದಿದ್ದರೆ ಅಂಚಿನಲ್ಲೇ ತಡವರಿಸುತ್ತವೆ. ಎರಡು ಬಾಲದ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಚುಚ್ಚಿ.

ಇನ್ನು ಡಿಸ್ಕನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿ. ಸೂಜಿ ಮೊನೆಯಷ್ಟು ಬೆಳಕಿನ ತೂತುಗಳು ಕಂಡರೆ ಹೊಳಪಿನ ಪದರವೇ ಹೋಗಿದೆ. ಆ ಪದರ ಇರುವುದು ಹೆಸರು ಅಚ್ಚಾದ ಮೇಲ್ಭಾಗದ ಅಡಿಯಲ್ಲೇ, ತೆಳುವಾದ ವಾರ್ನಿಷ್ ಒಂದೇ ರಕ್ಷಣೆ. ಅದಕ್ಕೇ ಮೇಲಿನ ಗೀರು ಕೆಳಗಿನದ್ದಕ್ಕಿಂತ ಅಪಾಯ. ಅಂಥ ಡಿಸ್ಕಿಗೆ ಪಾಲಿಶ್ ಹೊಡೆದು ಪ್ರಯೋಜನ ಇಲ್ಲ. ಬಂದಷ್ಟು ಟ್ರ್ಯಾಕ್ ಇಟ್ಟುಕೊಳ್ಳಿ, ಲಾಗಿನಲ್ಲಿ ಯಾವ ನಿಮಿಷ, ಯಾವ ಸೆಕೆಂಡ್ ಅಂತ ಬರೆದಿರುತ್ತದೆ, ಅದನ್ನು ಅಳಿಸಬೇಡಿ. ಅದೇ ಆಲ್ಬಮ್ಮಿನ ಇನ್ನೊಂದು ಪ್ರತಿ ಸಿಕ್ಕಿದ ದಿನ ಆ ಎರಡು ಟ್ರ್ಯಾಕ್ ಮಾತ್ರ ಓದಿಸಿದರೆ ಆಯಿತು.